ಜೇಡದ ಡಬ್ಬಿಗೊಂದು ಮುಚ್ಚಳ

ಸ್ವಾರಗೇಟಿಗೆ ಬಂದು ಮೂವತ್ತು ವರ್ಷದ ಹತ್ತಿರ ಬಂತು. ಬೆಳಗಾವಿ, ಹುಬ್ಬಳ್ಳಿ, ವಿಜಾಪುರದ ಬಸ್ಸುಗಳ ಸದ್ದಿನಲ್ಲೇ ನಾವು ಮಲಗಿ ಏಳುವುದು. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ನೌಕರಿ. ಅಂಥವನು ಈ ಸಲ ದೊಡ್ಡ ಜೇಡದ ಬಗ್ಗೆ, ಅದರಲ್ಲೂ ಅದರ ಡಬ್ಬಿಯ ಮುಚ್ಚಳದ ಬಗ್ಗೆ ಬರೆಯಲು ಕೂತಿದ್ದೇನೆ. ನಗಬೇಡಿ, ಕಾರಣ ಇದೆ.

ಕೆಲವು ವರ್ಷದ ಹಿಂದಿನ ಮಳೆಗಾಲ. ನಮ್ಮ ಮೇಲಿನ ಮನೆಯ ಹುಡುಗ, ಅವರೂ ನಮ್ಮ ಬಾಗಲಕೋಟೆ ಕಡೆಯವರೇ, ಕಾತ್ರಜ ಘಾಟಿಗೆ ಗೆಳೆಯರ ಜೊತೆ ತಿರುಗಾಡಲು ಹೋದವನು ಒಂದು ಜೇಡ ಹಿಡಿದು ತಂದಿದ್ದ. ಅಂಗೈಯಷ್ಟು ದೊಡ್ಡದು, ಮೈತುಂಬಾ ಕೂದಲು. ಟಾರಂಟುಲಾ ಅಂತಾರಲ್ಲ, ಆ ಜಾತಿಯದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ.

"ಕಾಕಾ, ಮುಚ್ಚಳ ಹಾಕಿದ್ರ ಉಸಿರು ಕಟ್ತದ, ತಗದ್ರ ಓಡಿ ಹೋಗ್ತದ. ಏನ್ ಮಾಡ್ಲಿ?"

ಕಾಕಾನ ಬುದ್ಧಿ ಓಡಿತು! ಕಿಟಕಿಗೆ ಹಾಕಿಸಿದ್ದ ಸೊಳ್ಳೆ ಜಾಳಿಗೆಯ ತುಂಡು ಉಳಿದಿತ್ತು. ಕತ್ತರಿಸಿ ಡಬ್ಬಿಯ ಬಾಯಿಗೆ ಎಳೆದು ಬಿಗಿಯಾಗಿ ಕಟ್ಟಿಕೊಟ್ಟೆ. ಗಾಳಿಯೂ ಆಡುತ್ತದೆ, ಜೇಡವೂ ಹೋಗುವುದಿಲ್ಲ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಬೆಳಿಗ್ಗೆ ನೋಡಿದರೆ ಜಾಳಿಗೆಯಲ್ಲಿ ಒಂದು ಕಾಲು ನೇತಾಡುತ್ತಿತ್ತು. ಜೇಡ ಕೆಳಗೆ ಮುದುಡಿ ಕೂತಿತ್ತು, ಏಳು ಕಾಲಿನಲ್ಲಿ.

ಪರಿಚಯದ ಸರ್ಪಮಿತ್ರರೊಬ್ಬರನ್ನು ಕರೆದೆವು. ಅವರು ಬೈಯಲಿಲ್ಲ. ಜೇಡದ ಕಾಲಿನ ತುದಿಯಲ್ಲಿ ಎರಡೆರಡು ಸಣ್ಣ ಉಗುರು ಇರುತ್ತವೆ, ಜಾಳಿಗೆಯ ಕಣ್ಣಿನಲ್ಲಿ ಅವು ಕೊಕ್ಕೆಯ ಹಾಗೆ ಸಿಕ್ಕುತ್ತವೆ, ಬಿಡಿಸಿಕೊಳ್ಳಲಾಗದಿದ್ದರೆ ಕಾಲನ್ನೇ ಬಿಟ್ಟುಬಿಡುತ್ತದೆ ಅಂತ ವಿವರಿಸಿದರು. ಮರಿಯಾಗಿದ್ದರೆ ಪೊರೆ ಬಿಟ್ಟಾಗ ಹೊಸ ಕಾಲು ಬರುತ್ತಿತ್ತಂತೆ. ಇದು ಹೆಣ್ಣನ್ನು ಹುಡುಕುತ್ತಾ ಮಳೆಯಲ್ಲಿ ಹೊರಬಿದ್ದ ಬಲಿತ ಗಂಡು, ಇನ್ನು ಪೊರೆ ಬಿಡುವುದಿಲ್ಲ, ಹೋದ ಕಾಲು ಹೋದ ಹಾಗೆಯೇ ಅಂದರು. ಸಂಜೆ ಅದನ್ನು ಘಾಟಿನಲ್ಲೇ ಬಿಟ್ಟು ಬಂದರು. ಹುಡುಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅಂದಿನಿಂದ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಮುಚ್ಚಳ, ಬೀಗ, ಬಾಗಿಲಿನ ಕಡೆಗೇ ಹೋಗುತ್ತದೆ. ಹುಡುಕುತ್ತಾ ಹೋದಂತೆ ಇದಕ್ಕೂ ಒಂದು ಇತಿಹಾಸ ಇದೆ ಅಂತ ತಿಳಿಯಿತು.

ನಮ್ಮ ಮನೆಯ ಹತ್ತಿರದಿಂದಲೇ ಶುರು ಮಾಡೋಣ. ಸಾರಸಬಾಗದ ಪಕ್ಕದ ಪೇಶ್ವೆ ಪಾರ್ಕಿನಲ್ಲಿ 1953ರಿಂದ ಪುಣೆ ಪಾಲಿಕೆಯ ಪ್ರಾಣಿ ಸಂಗ್ರಹಾಲಯ ಇತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಹುಲಿ ತೋರಿಸಿದ್ದು ಅಲ್ಲೇ. ಕಬ್ಬಿಣದ ಸರಳು, ಸಿಮೆಂಟಿನ ನೆಲ... ಹುಲಿ ನಮ್ಮ ಮೇಲೆ ಬರಬಾರದು, ಅಷ್ಟೇ ಆ ಪಂಜರದ ಯೋಚನೆ. 1980ರಲ್ಲಿ ಇದೇ ಪುಣೆಯ ನೀಲಿಮಕುಮಾರ ಖೈರೆ ಅವರು ಗಾಜಿನ ಕೋಣೆಯಲ್ಲಿ 72 ವಿಷದ ಹಾವುಗಳ ಜೊತೆ 72 ಗಂಟೆ ಕಳೆದರು. ಕೆಣಕದಿದ್ದರೆ ಹಾವು ಕಚ್ಚುವುದಿಲ್ಲ ಅಂತ ಜನರಿಗೆ ತೋರಿಸಲು ಅವರೇ ಮುಚ್ಚಳದ ಒಳಗೆ ಹೋಗಿ ಕೂತರು ಅನ್ನಿ. 1986ರಲ್ಲಿ ಕಾತ್ರಜದಲ್ಲಿ ಸರ್ಪೋದ್ಯಾನ ಆಯಿತು. 1999ರಲ್ಲಿ ಅದರ ಜೊತೆಗೇ ದೊಡ್ಡ ಪ್ರಾಣಿ ಸಂಗ್ರಹಾಲಯ ತೆರೆಯಿತು, ಪೇಶ್ವೆ ಪಾರ್ಕಿನ ಪ್ರಾಣಿಗಳು ಬಯಲು, ಮರ, ನೀರು ಇರುವ ಆ ಜಾಗಕ್ಕೆ ಹೋದವು. ಸ್ವಾರಗೇಟಿನಿಂದ ಕಾತ್ರಜಕ್ಕೆ ಐದಾರು ಕಿಲೋಮೀಟರ್. ಆದರೆ ಪ್ರಾಣಿಯ ಕಡೆಯಿಂದ ಯೋಚಿಸಲು ನಮಗೆ ಹಿಡಿದದ್ದು ನಲವತ್ತಾರು ವರ್ಷ!

ಇನ್ನು ಗಾಜಿನ ಪೆಟ್ಟಿಗೆಯ ಕಥೆ. ಅದು ಲಂಡನ್ನಿನದು. 1829ರ ಸುಮಾರಿಗೆ ನಥಾನಿಯಲ್ ವಾರ್ಡ್ ಎಂಬ ಡಾಕ್ಟರು ಪತಂಗದ ಕೋಶವೊಂದನ್ನು ಹಸಿ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿ ಇಟ್ಟು ಮುಚ್ಚಳ ಹಾಕಿದರು. ಪತಂಗಕ್ಕಾಗಿ ಕಾಯುತ್ತಿದ್ದರೆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ಹುಟ್ಟಿದವು. ಒಳಗಿನ ತೇವವೇ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ನೀರು ಹಾಕದೆಯೇ ಅವು ನಾಲ್ಕು ವರ್ಷದ ಹತ್ತಿರ ಬದುಕಿದವು. ಕೊನೆಗೆ ಸತ್ತದ್ದು ಹೇಗೆ ಗೊತ್ತೇ? ಮುಚ್ಚಳಕ್ಕೆ ತುಕ್ಕು ಹಿಡಿದು ಮಳೆನೀರು ಒಳಗೆ ನುಗ್ಗಿ! ಇದನ್ನು ಓದಿದಾಗ ನನ್ನ ಜಾಳಿಗೆ ನೆನಪಾಯಿತು. ವಾರ್ಡ್ ಅವರ ಮಾದರಿಯ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಸಸಿಗಳು ನಮ್ಮ ಹಿಮಾಲಯದ ತಪ್ಪಲಿಗೆ ಬಂದದ್ದು.

ಲಂಡನ್ನಿನ ಪ್ರಾಣಿ ಸಂಗ್ರಹಾಲಯ 1849ರಲ್ಲಿ ಹಾವು-ಹಲ್ಲಿಗಳಿಗೆ, 1853ರಲ್ಲಿ ಮೀನುಗಳಿಗೆ, 1881ರಲ್ಲಿ ಕೀಟಗಳಿಗೆ ಬೇರೆ ಬೇರೆ ಮನೆ ಮಾಡಿತು. 1852ರಲ್ಲಿ ಅಲ್ಲಿಯ ನೌಕರನೊಬ್ಬ ಕುಡಿದ ಅಮಲಿನಲ್ಲಿ ನಾಗರಹಾವನ್ನು ಹೊರತೆಗೆದು ಕಚ್ಚಿಸಿಕೊಂಡು ಸತ್ತ. ಮುಚ್ಚಳ ಎಷ್ಟೇ ಗಟ್ಟಿ ಇರಲಿ, ತೆರೆಯುವ ಕೈ ನೆಟ್ಟಗಿರಬೇಕಲ್ಲ.

ಹಾಗಾದರೆ ಜೇಡಕ್ಕೆ ಜಾಳಿಗೆ ಮುಚ್ಚಳ ಎಲ್ಲಿಂದ ಬಂತು? ಅಮೆರಿಕದಲ್ಲಿ ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡ ಸಾಕುವ ಹುಚ್ಚು ಹಬ್ಬಿತ್ತು. ಎಷ್ಟು ಅಂದರೆ 1985ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕಬೇಕಾಯಿತು. ಜೇಡಕ್ಕೆಂದೇ ಮಾಡಿದ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮೀನಿನ ಗಾಜಿನ ತೊಟ್ಟಿ, ಅದರ ಮೇಲೆ ಹಲ್ಲಿಗಳಿಗೆ ಮಾಡಿದ ಜಾಳಿಗೆ, ಹೀಗೆ ಜೋಡಿಸಿದರು. ಬಿಸಿಲು ಕಾಯುವ ಹಲ್ಲಿಗೆ ಮೇಲಿನ ದೀಪದ ಶಾಖ ಬೇಕು, ಅದಕ್ಕೆ ಜಾಳಿಗೆ ಸರಿ. ಕತ್ತಲಲ್ಲಿ ಕೂರುವ ಜೇಡಕ್ಕೆ ಯಾವ ದೀಪ? ಒಬ್ಬರ ಅಳತೆಯ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿದ ಹಾಗೆ.

ಈಗ ತಿಳಿದವರು ಜಾಳಿಗೆ ಬೇಡ ಅನ್ನುತ್ತಾರೆ. ಅಕ್ರಿಲಿಕ್ ಹಾಳೆಯ ಮುಚ್ಚಳ, ಪೆಟ್ಟಿಗೆಯ ಎದುರುಬದುರು ಗೋಡೆಗಳಲ್ಲಿ ಸಣ್ಣ ದುಂಡು ತೂತುಗಳು, ಅಂಚು ನುಣುಪಾಗಿರಬೇಕು. ತೂತು ಜೇಡದ ತಲೆಭಾಗಕ್ಕಿಂತ ಚಿಕ್ಕದಿರಬೇಕು, ಯಾಕೆಂದರೆ ಮೆತ್ತನೆ ಹೊಟ್ಟೆ ಹಿಂಡಿಕೊಂಡು ತೂರುತ್ತದೆ, ಗಟ್ಟಿ ತಲೆ ತೂರುವುದಿಲ್ಲ. ಮುಚ್ಚಳಕ್ಕೆ ಕೊಂಡಿ ಬೇಕು, ಬರೀ ಭಾರ ಇಟ್ಟರೆ ಸಾಲದು. ನೆಲದ ಮೇಲಿರುವ ಜಾತಿಯಾದರೆ ಮಣ್ಣಿನಿಂದ ಮುಚ್ಚಳಕ್ಕೆ ಇರುವ ಎತ್ತರ ಅದು ಕಾಲು ಚಾಚಿದಷ್ಟು, ಹೆಚ್ಚೆಂದರೆ ಒಂದೂವರೆ ಪಟ್ಟು. ಮೇಲಿನಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಕಾಲು ಹೋದರೂ ಬದುಕೀತು, ಹೊಟ್ಟೆ ಒಡೆದರೆ ಮುಗಿಯಿತು.

ಇಷ್ಟೆಲ್ಲ ಹೇಳಿದೆ ಅಂತ ನಾಳೆಯೇ ಘಾಟಿಗೆ ಹೋಗಿ ಹಿಡಿದು ತರಬೇಡಿ ಮಾರಾಯರೇ! ಈ ಜೇಡಗಳು ನಮ್ಮವೇ. ಬ್ರಿಟಿಷ್ ವಿಜ್ಞಾನಿ ಪೋಕಾಕ್ 1899ರಲ್ಲಿ ನಮ್ಮ ಕೆನರಾ ಕಡೆಯ ಬಿಲದ ಜೇಡವನ್ನೂ ಗುಂತಕಲ್ ಹತ್ತಿರದ ಗುತ್ತಿಯಲ್ಲಿ ಸಿಕ್ಕ ನೀಲಿ ಜೇಡವನ್ನೂ ಹೆಸರಿಟ್ಟು ದಾಖಲಿಸಿದರು. ಆ ನೀಲಿ ಜೇಡ ಮತ್ತೆ ಕಂಡದ್ದು ನೂರು ವರ್ಷದ ಮೇಲೆ, 2001ರಲ್ಲಿ, ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ. ಈಗ ಅಳಿವಿನ ಅಂಚಿನಲ್ಲಿದೆ. ಅದರ ಕುಲದ ಎಲ್ಲ ಜೇಡಗಳ ವ್ಯಾಪಾರದ ಮೇಲೂ 2019ರಲ್ಲಿ ಅಂತರರಾಷ್ಟ್ರೀಯ ನಿಯಂತ್ರಣ ಬಂತು. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆಯೂ ಇಂಥ ಪಟ್ಟಿಯ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು ಅನ್ನುತ್ತದೆ.

ಕೊನೆಗೊಂದು ಬ್ಯಾಂಕಿನ ಮಾತು. ನಮ್ಮ ಸ್ಟ್ರಾಂಗ್ ರೂಮಿನ ಬಾಗಿಲು ನೀವು ನೋಡಿರಬಹುದು, ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಆದರೆ ಅದಕ್ಕೊಂದು ಸಣ್ಣ ಗಾಳಿಕಿಂಡಿಯೂ ಇತ್ತು. ನೌಕರಿ ಸೇರಿದ ಹೊಸದರಲ್ಲಿ ಇದು ಯಾಕೆ ಅಂತ ಕೇಳಿದ್ದೆ. "ಯಾರರ ಒಳಗ ಸಿಕ್ಕೊಂಡ್ರ?" ಅಂದಿದ್ದರು ಹಿರಿಯ ಮ್ಯಾನೇಜರ್ ಸಾಹೇಬರು. ಹಣ ಕಾಯುವ ಕೋಣೆ ಕಟ್ಟಿದವನೂ ಒಳಗೆ ಉಳಿಯಬಹುದಾದ ಜೀವದ ಬಗ್ಗೆ ಯೋಚಿಸಿದ್ದ. ಆ ಕಿಂಡಿಯನ್ನು ಅಷ್ಟು ವರ್ಷ ದಿನಾ ನೋಡಿದವನು ನಾನು, ಜೇಡದ ಡಬ್ಬಿ ಕಟ್ಟುವಾಗ ಬರೀ ಓಡಿಹೋದೀತು ಅಂತ ಯೋಚಿಸಿದೆ.

ಆ ಹುಡುಗ ಈಗ ಜೀವಶಾಸ್ತ್ರ ಓದುತ್ತಿದ್ದಾನೆ. ಮೊನ್ನೆ ಸಿಕ್ಕಾಗ, "ಕಾಕಾ, ಜಾಳಗಿ ಇನ್ನೂ ಅದ ಏನು?" ಅಂತ ಕೇಳಿ ನಕ್ಕ. ನಾನೂ ನಕ್ಕೆ. ಜಾಳಿಗೆ ಎಂದೋ ಎಸೆದಿದ್ದೇನೆ.

ಮತ್ತೆ ಸಿಗೋಣ.