ಪಾರಸಿ ಕೌಟುಂಬಿಕ ಧಾರಾವಾಹಿಗಳಲ್ಲಿ ವಾಚಿಕ ಅವಿನಯ

ಇರಾನಿನ ದೂರದರ್ಶನದ ಕೌಟುಂಬಿಕ ಧಾರಾವಾಹಿಗಳಲ್ಲಿ ಮಾವ ಸೊಸೆಯರು, ತಂದೆ ಮಕ್ಕಳು, ದಂಪತಿಗಳು ಒಬ್ಬರ ಮಾನಕ್ಕೊಬ್ಬರು ಕುಂದು ತರುವಂತೆ ಆಡುವ ನುಡಿಯೂ, ಸಲ್ಲಬೇಕಾದ ಮರ್ಯಾದೆಯ ನುಡಿಯನ್ನು ಬೇಕೆಂದೇ ಆಡದೆ ಬಿಡುವ ಮೌನವೂ ಭಾಷಾಶಾಸ್ತ್ರದಲ್ಲಿ ವಾಚಿಕ ಅವಿನಯವೆಂಬ ಹೆಸರಿನಿಂದ ವಿವೇಚಿತವಾಗುತ್ತವೆ.

ಈ ಅವಿನಯದ ಸ್ವರೂಪವು ಆ ಸಮಾಜದ ವಿನಯವನ್ನೇ ಅವಲಂಬಿಸಿದೆ. ತನ್ನನ್ನು ತಗ್ಗಿಸಿ ಇದಿರಿನವರನ್ನು ಏರಿಸುವ, ಆತಿಥೇಯನು ಒತ್ತಾಯಿಸಿದಷ್ಟೂ ಅತಿಥಿಯು ಒಲ್ಲೆನೆನ್ನುತ್ತ ಸಾಗುವ ‘ತಾರೂಫ್’ ಎಂಬ ಉಪಚಾರಕ್ರಮವನ್ನು ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಬೀಮನ್ 1986ರ ತಮ್ಮ ಗ್ರಂಥದಲ್ಲಿ ವಿಶ್ಲೇಷಿಸಿರುವರು. ಇಂತಹ ಉಪಚಾರವು ನಿತ್ಯದ ರೂಢಿಯಾಗಿರುವಲ್ಲಿ ಅದು ತುಸು ಸಡಿಲಿದರೂ ಅಪಮಾನವೆನಿಸುವುದು ಸಹಜ. ಅದುವರೆಗೆ ‘ಶೊಮಾ’ ಎಂದು ಬಹುವಚನದಲ್ಲಿ ಸಂಬೋಧಿಸುತ್ತಿದ್ದ ಹಿರಿಯನನ್ನು ಕಲಹದ ನಡುವೆ ‘ತೊ’ ಎಂದು ಏಕವಚನಕ್ಕಿಳಿಸಿದ ಮೇಲೆ ಬೇರೊಂದು ಬೈಗುಳದ ಅಗತ್ಯ ಬೀಳದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಪ್ರಸಾರವೆಲ್ಲವೂ ‘ಸೆದಾ ವ ಸಿಮಾ’ ಎಂಬ ರಾಜ್ಯಾಧೀನ ಸಂಸ್ಥೆಯ ಕೈಯಲ್ಲಿರುವುದರಿಂದ ಬೀದಿಯ ಅಶ್ಲೀಲಕ್ಕೆ ಅಲ್ಲಿ ಪ್ರವೇಶವಿಲ್ಲ. ‘ಅಹ್ಮಕ್’ (ಮೂರ್ಖ), ‘ಬೆ ತೊ ಚೆ’ (ನಿನಗೇಕೆ), ‘ಖಾಕ್ ಬರ್ ಸರತ್’ (ನಿನ್ನ ತಲೆಗೆ ಮಣ್ಣು) ಮುಂತಾದವುಗಳ ಆಚೆಗೆ ಪಾತ್ರಗಳ ಸಿಟ್ಟು ದಾಟುವುದು ವಿರಳ. ಸಂಭಾಷಣಕಾರರಿಗೆ ಈ ನಿರ್ಬಂಧವು ಉಪಕಾರವನ್ನೇ ಮಾಡಿದೆ. ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಜೊನಾಥನ್ ಕಲ್ಪೆಪರ್ 1996ರಲ್ಲಿ ಗುರುತಿಸಿದ ಅವಿನಯದ ಐದು ಬಗೆಗಳಲ್ಲಿ ಒಂದಾದ ವ್ಯಾಜವಿನಯವು ಇಲ್ಲಿ ವಿಶೇಷ ಪುಷ್ಟಿಯನ್ನು ಪಡೆಯಿತು. ದುಡಿದವರಿಗೆ ‘ದಣಿವಾಗದಿರಲಿ’ ಎಂದು ಹಾರೈಸುವ ‘ಖಸ್ತೆ ನಬಾಶೀದ್’, ‘ನಿನ್ನ ಕೈ ನೋಯದಿರಲಿ’ ಎಂದು ಕೃತಜ್ಞತೆ ಸೂಚಿಸುವ ‘ದಸ್ತತ್ ದರ್ದ್ ನಕೊನೆ’ ಎಂಬ ಮಂಗಳವಚನಗಳೇ, ಕೆಲಸ ಕೆಡಿಸಿ ಬಂದ ಮಗನಿಗೆ ತಾಯಿಯ ಬಾಯಿಂದ ಬಂದಾಗ, ಛಡಿಯೇಟಿನಂತೆ ತಗಲುತ್ತವೆ.

ಯಾರು ಯಾರಿಗೆ ಆಡಿದರೆಂಬುದೇ ಇಲ್ಲಿ ಮುಖ್ಯ. 1990ರ ದಶಕದ ‘ಪೆದರ್ ಸಾಲಾರ್’ ಧಾರಾವಾಹಿಯಲ್ಲಿ ಮಹಮ್ಮದ್ ಅಲಿ ಕೆಶಾವರ್ಜ್ ಅಭಿನಯಿಸಿದ ಅಸದುಲ್ಲಾ ಖಾನನು ವಿವಾಹಿತ ಪುತ್ರರೆಲ್ಲರೂ ತನ್ನ ಸೂರಿನಡಿಯಲ್ಲೇ ಇರತಕ್ಕದ್ದೆಂದು ವಿಧಿಸುತ್ತಾನೆ. ಅವನ ಗರ್ಜನೆ ಯಜಮಾನಿಕೆ ಎನಿಸಿದರೆ, ಪ್ರತ್ಯೇಕವಾಗಿ ಬಾಳುವೆನೆಂಬ ಕಿರಿಯ ಸೊಸೆಯ ಮಾತು ಮನೆಗೇ ಅಗೌರವವೆನಿಸುತ್ತದೆ. 2010ರ ದಶಕದ ‘ಸೆತಾಯೆಶ್’ನಲ್ಲಿ ದಾರಿಯೂಶ್ ಅರ್ಜ್‌ಮಂದ್ ನಿರ್ವಹಿಸಿದ ಹೆಷ್ಮತ್ ಫಿರ್ದೌಸ್ ಎಂಬ ವರ್ತಕ ಮಾವನೂ ಇದೇ ಸಂತತಿಗೆ ಸೇರಿದವನು. ಹಿರಿಯರ ಒರಟುತನವನ್ನು ಅಧಿಕಾರವೆಂದೂ ಕಿರಿಯರ, ಅದರಲ್ಲಿಯೂ ಸ್ತ್ರೀಯರ, ಪ್ರತ್ಯುತ್ತರವನ್ನು ಉದ್ಧಟತನವೆಂದೂ ಪರಿಗಣಿಸುವ ಈ ಅಸಮತೆಯೇ ಇಂತಹ ಕಥೆಗಳ ಜೀವಾಳವೆಂದರೆ ತಪ್ಪಾಗದು.

ಹಾಸ್ಯಪ್ರಧಾನ ಧಾರಾವಾಹಿಗಳ ನೀತಿ ಬೇರೆ. ಸಿರೂಸ್ ಮೊಘದ್ದಮ್ ನಿರ್ದೇಶಿಸಿದ, 2011ರ ನವ್‌ರೋಜ಼್ ಹಬ್ಬದಲ್ಲಿ ಆರಂಭವಾದ ‘ಪಾಯ್‌ತಖ್ತ್’ನಲ್ಲಿ ಮಾಜಂದರಾನ್ ಪ್ರಾಂತದ ನಘೀ ಎಂಬ ಗೃಹಸ್ಥನು ಬಂಧುಗಳೊಡನೆ ನಡೆಸುವ ಜಗಳಗಳು ಎಷ್ಟೇ ಕಟುವಾಗಿದ್ದರೂ ಸಲಿಗೆಯ ಗುರುತಾಗಿಯೇ ಪ್ರೇಕ್ಷಕರನ್ನು ನಗಿಸುತ್ತವೆ. ಆದುದರಿಂದ, ಆಡಿದವರ ವಯಸ್ಸು, ನೆಂಟಸ್ತಿಕೆ, ಧ್ವನಿಗಳನ್ನು ಗಣಿಸದೆ ಬೈಗುಳಗಳನ್ನು ಮಾತ್ರ ಎಣಿಸುವ ಅಧ್ಯಯನಕ್ಕೆ ಈ ಸಂಭಾಷಣೆಗಳ ಅವಿನಯದಲ್ಲಿ ಅಲ್ಪಾಂಶವೇ ದಕ್ಕೀತು.