ಯಜ್ಞ, ಬಲಿ, ತ್ಯಾಗ: ಒಂದು ಪದವಿಚಾರ

ಬಲಿ ಎಂದೊಡನೆ ಇಂದು ಮನಸ್ಸಿಗೆ ಬರುವುದು ಪಶುಹತ್ಯೆ. ಆದರೆ ವೈಶ್ವದೇವದಲ್ಲಿ ನಾವು ಮಾಡುವ ಬಲಿಹರಣದಲ್ಲಾಗಲಿ, ಕರಾವಳಿಯ ದೇವಾಲಯಗಳ ನಿತ್ಯಬಲಿಯಲ್ಲಾಗಲಿ ಇಡುವುದು ಅನ್ನವನ್ನೇ ಹೊರತು ಮತ್ತೇನನ್ನೂ ಅಲ್ಲ. ‘ಯಜ್’ ಧಾತುವಿಗೂ ಧಾತುಪಾಠವು ದೇವಪೂಜೆ, ಸಂಗತಿಕರಣ, ದಾನ ಎಂಬ ಅರ್ಥಗಳನ್ನು ಹೇಳಿದೆ, ಹಿಂಸೆ ಅವುಗಳಲ್ಲಿಲ್ಲ. ಕಾತ್ಯಾಯನ ಶ್ರೌತಸೂತ್ರದಂತೆ ಯಾಗವೆಂದರೆ ದ್ರವ್ಯ, ದೇವತೆ, ತ್ಯಾಗ ಈ ಮೂರು. ಆಹುತಿಯನ್ನು ಅರ್ಪಿಸುವಾಗ ‘ಇದು ನನ್ನದಲ್ಲ’ ಎಂದು ಯಜಮಾನನು ಸ್ವಾಮ್ಯವನ್ನು ಬಿಡುವುದೇ ತ್ಯಾಗ. (ಹಳಗನ್ನಡದಲ್ಲಿ ಈ ಪದವೇ ‘ಚಾಗ’ವಾಗಿ ದಾನವೆಂಬ ಅರ್ಥದಲ್ಲಿ ಬಳಕೆಯಾಯಿತು, ದಾನಿಯು ‘ಚಾಗಿ’ ಎನಿಸಿದನು.)

ಹಾಗಾದರೆ ದ್ರವ್ಯ ಯಾವುದು? ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಕಥೆ ಮಹಾಭಾರತದ ಶಾಂತಿಪರ್ವದ ನಾರಾಯಣೀಯ ಭಾಗದಲ್ಲಿದೆ. ‘ಅಜ’ದಿಂದ ಯಜಿಸಬೇಕೆಂಬ ವಿಧಿಯಲ್ಲಿ ಅಜವೆಂದರೆ ಆಡು ಎಂದು ದೇವತೆಗಳು ವಾದಿಸಿದರು. ಅಲ್ಲ, ಅಜವೆಂಬುದು ಬೀಜಗಳ ಹೆಸರು, ಧಾನ್ಯದಿಂದಲೇ ಯಜ್ಞವಾಗಬೇಕು, ಪಶುವಧೆ ಸಜ್ಜನರ ಧರ್ಮವಲ್ಲ ಎಂದು ಋಷಿಗಳು ಹೇಳಿದರು. ಒಂದು ಪದದ ಅರ್ಥದ ಮೇಲೆ ಒಂದು ಜೀವದ ಅಳಿವು ಉಳಿವು ನಿಂತಿತ್ತು. ಇಬ್ಬರೂ ಉಪರಿಚರ ವಸುರಾಜನನ್ನು ನಿರ್ಣಾಯಕನನ್ನಾಗಿ ಒಪ್ಪಿದರು. ಆತನಾದರೋ ತನ್ನ ಅಶ್ವಮೇಧವನ್ನೇ ಪಶುವಧೆಯಿಲ್ಲದೆ, ಅರಣ್ಯದಲ್ಲಿ ದೊರೆತ ಪದಾರ್ಥಗಳಿಂದ ನಡೆಸಿದವನು. ಆದರೂ ಯಾರ ಮತವೇನೆಂದು ಮೊದಲು ವಿಚಾರಿಸಿಕೊಂಡು, ದೇವತೆಗಳ ಪಕ್ಷವನ್ನೇ ಹಿಡಿದನು! ಋಷಿಗಳ ಶಾಪದಿಂದ ಆಕಾಶಚಾರಿಯಾಗಿದ್ದ ದೊರೆ ಭೂವಿವರಕ್ಕೆ ಬಿದ್ದನು. ಅಲ್ಲಿ ಆತನಿಗೆ ಆಹಾರವಾಗಿ ದೇವತೆಗಳು ಕಲ್ಪಿಸಿದ್ದು ಯಜ್ಞದ ‘ವಸೋರ್ಧಾರೆ’ಯನ್ನು. ಕೊನೆಗೆ ಆತನನ್ನು ಮೇಲೆತ್ತಿದ್ದು ಆತನು ಬಿಡದೆ ಆರಾಧಿಸಿದ ಶ್ರೀಹರಿಯೇ.

ವೇದವಾಙ್ಮಯದಲ್ಲಿಯೂ ಋಷಿಗಳ ಮಾತಿಗೆ ಆಸರೆಯುಂಟು. ಯಜ್ಞಯೋಗ್ಯವಾದ ಸಾರವು ಒಂದೊಂದೇ ಪ್ರಾಣಿಯನ್ನು ಬಿಟ್ಟು ಕಡೆಗೆ ಭೂಮಿಯನ್ನು ಸೇರಿ ಬತ್ತವಾಯಿತೆಂದು ಐತರೇಯ ಬ್ರಾಹ್ಮಣವು ಹೇಳುತ್ತದೆ. ಅಕ್ಕಿಹಿಟ್ಟಿನ ಪುರೋಡಾಶಕ್ಕೆ ಪಶುವಿನ ಸ್ಥಾನ ಬಂದುದು ಹೀಗೆ.

ಈ ಹಿನ್ನೆಲೆಯಲ್ಲಿ ನೋಡಿದರೆ, 13ನೆಯ ಶತಮಾನದಲ್ಲಿ ಶ್ರೀಮದಾಚಾರ್ಯರು ಪ್ರವರ್ತಿಸಿದರೆಂದು ನಮ್ಮ ಪರಂಪರೆಯು ಸ್ಮರಿಸುವ ಪಿಷ್ಟಪಶುಯಾಗವು ಹೊಸ ಮತವೆನಿಸುವುದಿಲ್ಲ. ಅನ್ಯ ಸಂಪ್ರದಾಯದ ಪಂಡಿತರು ಇದನ್ನು ಆಕ್ಷೇಪಿಸಿದರು. ಪರವಾಗಿಯೂ ವಿರೋಧವಾಗಿಯೂ ಗ್ರಂಥಗಳೇ ಹುಟ್ಟಿದವು. ವಿಧಿಯನ್ನು ಅಲ್ಲಗಳೆಯದೆ ದ್ರವ್ಯವನ್ನು ಮಾತ್ರ ಬದಲಿಸಿದ ಈ ಕ್ರಮದಲ್ಲಿ ‘ಪಶು’ ಎಂಬ ಹೆಸರು ಹಾಗೆಯೇ ಉಳಿಯಿತು. ವೇದಿಯ ಬಳಿಗೆ ಬಂದದ್ದು ಹಿಟ್ಟಿನಿಂದ ಮಾಡಿದ ಆಕೃತಿ.