ಹದಿನಾರರಲ್ಲಿ ಹತ್ತು ಗೋಲು

1912ರ ಜುಲೈ 1. ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪದಕದ ಹಾದಿಯಿಂದ ಆಗಲೇ ಹೊರಬಿದ್ದಿದ್ದ ಜರ್ಮನಿ ಮತ್ತು ರಷ್ಯಾ, ಸೋತವರಿಗೆಂದೇ ಇದ್ದ ಸಮಾಧಾನಕರ ಪಂದ್ಯಾವಳಿಯಲ್ಲಿ ಎದುರಾದವು. ಜರ್ಮನಿ 16-0ರಿಂದ ಗೆದ್ದಿತು. ಅದರಲ್ಲಿ ಹತ್ತು ಗೋಲು ಒಬ್ಬನವೇ: 23 ವರ್ಷದ ಗಾಟ್‌ಫ್ರೀಡ್ ಫುಕ್ಸ್. ಅಂತರರಾಷ್ಟ್ರೀಯ ಪಂದ್ಯವೊಂದರಲ್ಲಿ ಹತ್ತು ಗೋಲು ಹೊಡೆದವರು ಅದಕ್ಕೆ ಮೊದಲು ಡೆನ್ಮಾರ್ಕ್‌ನ ಸೋಫಸ್ ನೀಲ್ಸನ್ ಒಬ್ಬರೇ. ಆ ವಿಶ್ವದಾಖಲೆ ಮುರಿದದ್ದು 2001ರಲ್ಲಿ. ಜರ್ಮನಿಯ ಮಟ್ಟಿಗೆ ಫುಕ್ಸ್ ದಾಖಲೆ ಇಂದಿಗೂ ಉಳಿದಿದೆ.

ಫುಕ್ಸ್ ಕಾರ್ಲ್ಸ್‌ರೂಹೆ ನಗರದವರು, ಮರದ ವ್ಯಾಪಾರದ ಯೆಹೂದಿ ಮನೆತನದವರು. ಅವರೂ ಯೂಲಿಯಸ್ ಹಿರ್ಷ್, ಫ್ರಿಟ್ಸ್ ಫೋರ್ಡರರ್ ಅವರೂ ಸೇರಿ ಕಾರ್ಲ್ಸ್‌ರೂಹೆ ಕ್ಲಬ್ಬಿನ ಮುಂಚೂಣಿಯಾಗಿದ್ದರು. 1910ರಲ್ಲಿ ಆ ಕ್ಲಬ್ಬು ಜರ್ಮನಿಯ ಚಾಂಪಿಯನ್ ಆಯಿತು. ದೇಶಕ್ಕಾಗಿ ಫುಕ್ಸ್ ಆಡಿದ್ದು ಆರೇ ಪಂದ್ಯ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಹೋರಾಡಿ, ಗಾಯಗೊಂಡು, ಐರನ್ ಕ್ರಾಸ್ ಪದಕವನ್ನೂ ಪಡೆದರು.

1933ರಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ಕ್ಲಬ್ಬುಗಳು ಯೆಹೂದಿಗಳನ್ನು ಹೊರಹಾಕುವ ನಿರ್ಧಾರಕ್ಕೆ ಕೈಜೋಡಿಸಿದವು. ಫುಕ್ಸ್ 1937ರಲ್ಲಿ ದೇಶ ಬಿಟ್ಟರು. ಸ್ವಿಟ್ಜರ್ಲೆಂಡ್, ಫ್ರಾನ್ಸ್ ದಾಟಿ ಕೆನಡಾ ಸೇರಿ, ಗಾಡ್‌ಫ್ರೀ ಫೋಕ್ಸ್ ಎಂದು ಹೆಸರು ಬದಲಿಸಿಕೊಂಡರು. ಊರಲ್ಲೇ ಉಳಿದ ಹಿರ್ಷ್‌ರನ್ನು 1943ರ ಮಾರ್ಚ್‌ನಲ್ಲಿ ಆಶ್‌ವಿಟ್ಸ್‌ಗೆ ಸಾಗಿಸಲಾಯಿತು, ಅವರು ಮರಳಲಿಲ್ಲ. 1939ರಲ್ಲಿ 'ಕಿಕರ್' ಪತ್ರಿಕೆ ರಾಷ್ಟ್ರೀಯ ಆಟಗಾರರ ಚಿತ್ರಸಂಪುಟ ತಂದಾಗ ಈ ಇಬ್ಬರನ್ನೂ ಅದರಿಂದ ಕೈಬಿಟ್ಟಿತ್ತು.

ನಾಜಿಗಳ ಕಾಲದಲ್ಲಿ ಹೀಗಾದದ್ದು ನಮಗೆ ಆಶ್ಚರ್ಯ ತರದು. ನನ್ನನ್ನು ಕಾಡುವುದು ಆನಂತರದ ಒಂದು ಪತ್ರ. 1954ರಲ್ಲಿ ಪಶ್ಚಿಮ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತರಬೇತುದಾರ ಸೆಪ್ ಹೆರ್ಬರ್ಗರ್‌ಗೆ ಫುಕ್ಸ್ ಬಾಲ್ಯದ ಆರಾಧ್ಯ ಆಟಗಾರ. 1972ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಹೊಸ ಒಲಿಂಪಿಕ್ ಕ್ರೀಡಾಂಗಣ ಸೋವಿಯತ್ ಒಕ್ಕೂಟದ ವಿರುದ್ಧದ ಪಂದ್ಯದೊಂದಿಗೆ ತೆರೆಯಲಿತ್ತು. ರಷ್ಯಾ ವಿರುದ್ಧದ ಆ ಹತ್ತು ಗೋಲಿಗೆ ಅರವತ್ತು ವರ್ಷ ತುಂಬುವ ಹೊತ್ತು. ಫುಕ್ಸ್‌ರನ್ನು ಗೌರವ ಅತಿಥಿಯಾಗಿ ಕರೆಸಿ ಎಂದು ಹೆರ್ಬರ್ಗರ್ ಜರ್ಮನ್ ಫುಟ್‌ಬಾಲ್ ಸಂಘವನ್ನು ಕೇಳಿಕೊಂಡರು. ಖರ್ಚಾಗುತ್ತದೆ, ಒಬ್ಬರನ್ನು ಕರೆದರೆ ಅದೇ ಪರಿಪಾಠವಾಗುತ್ತದೆ ಎಂಬ ಕಾರಣ ಕೊಟ್ಟು ಸಂಘ ಒಪ್ಪಲಿಲ್ಲ. ಆ ಉತ್ತರ ಬರೆಯುವ ಹೊತ್ತಿಗೆ ಫುಕ್ಸ್ ಮಾಂಟ್ರಿಯಲ್‌ನಲ್ಲಿ ತೀರಿಕೊಂಡಾಗಿತ್ತು. ಅದು ಫೆಬ್ರವರಿ 25.

1939ರಲ್ಲಿ ಹೆಸರು ಅಳಿಸಿದ್ದು ದ್ವೇಷ. 1972ರಲ್ಲಿ ಅಡ್ಡ ಬಂದದ್ದು ಲೆಕ್ಕಪತ್ರದ ಭಾಷೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಹೊರದಬ್ಬಿಸಿಕೊಂಡವನನ್ನು ಮತ್ತೆ ಒಳಗೆ ಕರೆಯಲು ದ್ವೇಷ ಇಲ್ಲದಿದ್ದರಷ್ಟೇ ಸಾಲದು. ಯಾರಾದರೂ ಹೋಗಿ ಕರೆಯಬೇಕು. ಸಂಘ 2005ರಿಂದ ಹಿರ್ಷ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಒಳ್ಳೆಯದೇ. ಫುಕ್ಸ್‌ಗೆ ಬೇಕಿದ್ದದ್ದು ಪ್ರಶಸ್ತಿಯಲ್ಲ, ಒಂದು ಟಿಕೆಟ್ಟು.